ಆರು ಇಂಚಿನ ಕಾಯಿಲ್

ಉಣಕಲ್, ಹುಬ್ಬಳ್ಳಿ
12 ಜೂನ್ 2024

ಪಂಢರಿನಾಥ ಅವರಿಗೆ,

ನಾನು ಗೀತಾಂಜಲಿ. ಈ ಹೆಸರಿನಿಂದ ನಿಮಗೆ ಗುರುತು ಸಿಗಲಾರದು. ದುರಗವ್ವನ ಮಗಳು ಎಂದರೆ ಸಿಗಬಹುದು. ಅದಕ್ಕೂ ಸಿಗದಿದ್ದರೆ ಧಾರವಾಡದ ಮಾಳಮಡ್ಡಿ, ಕಾಳಿನ ವ್ಯಾಪಾರಿ ಬಸಣ್ಣ ಸಾವುಕಾರರ ಮನೆಯ ಹಿತ್ತಲು, 2005ರ ಮಾರ್ಚ್ ತಿಂಗಳು. ಈಗ ಸಿಕ್ಕಿರಬೇಕು.

ನಾನು ಇಲ್ಲಿನ ಒಂದು ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಮೆಟಲ್ ಡಿಟೆಕ್ಟರ್ ಪಾಠಕ್ಕೆ ಕನ್ನಡದಲ್ಲಿ ಏನಾದರೂ ಇದೆಯೇ ಎಂದು ಹೋದ ವಾರ ಮೊಬೈಲಿನಲ್ಲಿ ಹುಡುಕುವಾಗ ನಿಮ್ಮ ವಿಡಿಯೋ ಬಂತು. ಕೂದಲು ಪೂರಾ ಬೆಳ್ಳಗಾಗಿದೆ. ದನಿ ಮಾತ್ರ ಅದೇ. ಯಂತ್ರದ ತುದಿಗೆ ಕಟ್ಟುವ ಆ ತಟ್ಟೆಯಂಥ ಕಾಯಿಲ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ನೀವು ಹೇಳುತ್ತಿದ್ದಿರಿ: "ಪೈಪು ಹುಡುಕಾಕ ದೊಡ್ಡದ ಹಾಕ್ರಿ, ಆಳಕ್ಕ ಹೋಗತೈತಿ. ಮೂಗಬಟ್ಟು, ಸರದ ಗುಂಡು ಹುಡುಕಾಕ ಸಣ್ಣದ ಬೇಕು. ಅದರಾಗೂ ಮೊಳಿ, ತಗಡು ಬಿದ್ದ ಜಾಗಾದಾಗ ದೊಡ್ಡದ ಹಾಕಿದ್ರ ಕಬ್ಬಿಣದ ಬಾಜೂಕ ಇರೋ ಬಂಗಾರ ಕಾಣಂಗೇ ಇಲ್ಲ. ಗೊತ್ತಿದ್ದೂ ದೊಡ್ಡದ ಹಾಕಿದಾಂವ ಗಿರಾಕಿಗೆ ಮೋಸಾ ಮಾಡಿದಂಗ."

ನಾಲ್ಕು ಸಲ ನೋಡಿದೆ.

ನನ್ನ ಅವ್ವ ಆ ಮನೆಯಲ್ಲಿ ಹನ್ನೊಂದು ವರ್ಷ ಬಟ್ಟೆ, ಪಾತ್ರೆ ತೊಳೆದವಳು. ಸಾವುಕಾರರ ಹೆಂಡತಿ ನಾಗರತ್ನಾ ಅವರ ಬೋರಮಾಳ ಸರ ಕಳೆದಾಗ ಸಾವುಕಾರರು ನಿಮ್ಮನ್ನು ಕರೆಸಿದರು. ನೀವು ಒಂದು ತಾಸು ಹಿತ್ತಲೆಲ್ಲ ಯಂತ್ರ ಆಡಿಸಿ, ಕಿವಿಗೆ ಹಾಕಿಕೊಂಡದ್ದನ್ನು ತೆಗೆದು ಕೊರಳಿಗೆ ಇಳಿಬಿಟ್ಟು, ಎಲ್ಲರೆದುರು ಹೇಳಿದಿರಿ: "ಈ ಹಿತ್ತಲದಾಗ ಬಂಗಾರ ಇಲ್ರಿ. ಹೊರಗ ಹೋಗೈತಿ."

ನನಗೆ ಹನ್ನೆರಡು ವರ್ಷ. ಹಿಂಬಾಗಿಲ ಹತ್ತಿರ ನಿಂತಿದ್ದೆ. ಹೊರಗೆ ಹೋಗಿದೆ ಎಂದರೆ ಒಯ್ದವರು ಬೇಕಲ್ಲ? ದಿನಾ ಸಂಜೆ ಆ ಮನೆಯಿಂದ ಹೊರಗೆ ಹೋಗುತ್ತಿದ್ದವಳು ಅವ್ವ ಒಬ್ಬಳೇ. ನಾಗರತ್ನಾ ಅವರು ಅವಳನ್ನು ಬಚ್ಚಲಿಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ಒಳಗೆ ಏನು ತಪಾಸಣೆ ನಡೆಯಿತು ಎಂಬುದನ್ನು ನಾನು ಬರೆಯುವುದಿಲ್ಲ. ಅವ್ವ ಹೊರಗೆ ಬಂದಾಗ ಸೀರೆಯ ನೆರಿಗೆಗಳು ಉಲ್ಟಾ ಇದ್ದವು.

ನನಗೆ ಬೇಕಾದದ್ದು ಒಂದೇ ಉತ್ತರ. ಆ ದಿನ ನೀವು ಎಷ್ಟು ಇಂಚಿನ ಕಾಯಿಲ್ ಹಾಕಿದ್ದಿರಿ?

ವಿಡಿಯೋದ ಕೆಳಗೆ ನಿಮ್ಮ ಫೋನ್ ನಂಬರೂ ಇದೆ, ಕೇಶ್ವಾಪುರದ ವಿಳಾಸವೂ ಇದೆ. ಫೋನಿನಲ್ಲಿ ಆಡಿದ್ದನ್ನು ನಾಳೆ ಇಲ್ಲ ಅನ್ನಬಹುದು. ನಿಮ್ಮ ಕೈಬರಹ ಬೇಕು, ಕೆಳಗೆ ಸಹಿ ಬೇಕು. ಅದಕ್ಕೇ ಈ ರಿಜಿಸ್ಟರ್ ಅಂಚೆ.

ಗೀತಾಂಜಲಿ
(ದುರಗವ್ವ, ಫಕೀರೇಶ ಇವರ ಮಗಳು)


ಕೇಶ್ವಾಪುರ, ಹುಬ್ಬಳ್ಳಿ
27 ಜೂನ್ 2024

ಗೀತಾಂಜಲಿ ಅವರಿಗೆ ನಮಸ್ಕಾರ.

ನಿಮ್ಮ ಕಾಗದದ ಧಾಟಿ ನನಗೆ ಹಿಡಿಸಲಿಲ್ಲ. ಆದರೂ ಕೇಳಿದ್ದೀರಿ ಎಂದು ಉತ್ತರಿಸುತ್ತಿದ್ದೇನೆ.

ನೆಲದೊಳಗಿನ ಪೈಪು, ಕೇಬಲ್ ಪತ್ತೆ ಮಾಡುವ ಕೆಲಸವನ್ನು ನಾನು ಮೂವತ್ತೆಂಟು ವರ್ಷ ಮಾಡಿದೆ. ಆ ಮನೆಯ ಕೆಲಸ ನೆನಪಿದೆ. ಹಿತ್ತಲು ದೊಡ್ಡದು. ಕಳೆದದ್ದು ಎರಡೂವರೆ ತೊಲೆಯ ಸರ, ಮೂಗುತಿಯಲ್ಲ, ಕಿವಿಯೋಲೆಯಲ್ಲ. ದೊಡ್ಡ ಜಾಗ, ದೊಡ್ಡ ಸಾಮಾನು ಇದ್ದಾಗ ಹದಿನೈದು ಇಂಚಿನದನ್ನು ಹಾಕುವುದೇ ಪದ್ಧತಿ. ಅದನ್ನೇ ಹಾಕಿದ್ದೆ. ಹಿಂದೆ ಅಲ್ಲಿ ಚಕ್ಕಡಿ ನಿಲ್ಲಿಸುತ್ತಿದ್ದರಂತೆ, ಎತ್ತಿನ ಲಾಳ, ಮೊಳೆ ಎಲ್ಲ ಬಿದ್ದು ಯಂತ್ರ ಒಂದೇ ಸಮನೆ ಒದರುತ್ತಿತ್ತು. ಕಬ್ಬಿಣದ ಸದ್ದು ಬರದಂತೆ ಯಂತ್ರದ ಗುಂಡಿ ತಿರುಗಿಸಿಕೊಂಡು ಹುಡುಕಿದೆ. ಏನೂ ಕೇಳಲಿಲ್ಲ. ಕೇಳಲಿಲ್ಲ ಎಂದೇ ಹೇಳಿದೆ.

ನಾನು ಯಾರ ಹೆಸರನ್ನೂ ತೆಗೆಯಲಿಲ್ಲ. ಆಮೇಲೆ ಆ ಮನೆಯವರು ಏನು ಮಾಡಿದರೋ ಅದು ಅವರಿಗೆ ಸೇರಿದ್ದು. ನಿಮ್ಮ ತಾಯಿಯ ಬಗ್ಗೆ ವಿಷಾದವಿದೆ. ಈ ವಿಷಯವನ್ನು ಇಲ್ಲಿಗೇ ಮುಗಿಸುವುದು ಒಳ್ಳೆಯದು.

ಇತಿ,
ಪಂಢರಿನಾಥ


ಉಣಕಲ್
3 ಜುಲೈ 2024

ಪಂಢರಿನಾಥ ಅವರಿಗೆ,

ಹದಿನೈದು ಇಂಚು. ನಿಮ್ಮ ಸಹಿಯ ಮೇಲೇ ಸಿಕ್ಕಿತು.

ನಿನ್ನೆ ಐಟಿಐಯ ಯಂತ್ರ ಮನೆಗೆ ತಂದಿದ್ದೆ. ನನ್ನದೊಂದು ಬಂಗಾರದ ಬಳೆ ನೆಲದ ಮೇಲಿಟ್ಟು ದೊಡ್ಡ ಕಾಯಿಲ್ ಆಡಿಸಿದೆ. ಪಕ್ಕದ ಮನೆಯವರು ಬಂದು ಕೇಳುವಷ್ಟು ಕೂಗಿತು. ಆಮೇಲೆ ಗೆಳತಿಯೊಬ್ಬಳಿಂದ ಇಸಕೊಂಡು ಬಂದ ಬೋರಮಾಳ ಇಟ್ಟೆ. ತೂಕದಲ್ಲಿ ಬಳೆಗಿಂತ ಹೆಚ್ಚಿನದು. ಯಂತ್ರ ಸುಮ್ಮನಿತ್ತು. ಕಾರಣ ನಿಮಗೆ ಗೊತ್ತು, ಆದರೂ ಬರೆಯುತ್ತೇನೆ. ಬಳೆ ಒಂದೇ ಕೂಡಿದ ಲೋಹ. ಬೋರಮಾಳ ಹಾಗಲ್ಲ. ಒಳಗೆ ಅರಗು ತುಂಬಿದ, ಮೇಲೆ ಕಾಗದದಷ್ಟು ತೆಳು ಬಂಗಾರದ ಗುಂಡುಗಳು, ನಡುವೆ ರೇಷ್ಮೆ ದಾರ. ನಮ್ಮ ಕಣ್ಣಿಗೆ ಅದು ಎರಡೂವರೆ ತೊಲೆಯ ಸರ. ಯಂತ್ರಕ್ಕೆ ಕಾಣುವುದು ಒಂದು ಗುಂಡು, ಮತ್ತೊಂದು ಗುಂಡು, ಕಡಲೆಕಾಳಿನಷ್ಟು. ಬರಿಯ ನೆಲದ ಮೇಲೇ ಕಾಣದ್ದು ಮೊಳೆ, ಲಾಳದ ಮಧ್ಯೆ ಕಂಡೀತೇ? ಆರು ಇಂಚಿನದು ಹಾಕಿದೆ. ಒಂದೊಂದು ಗುಂಡಿಗೂ ಟಿಕ್ ಎಂದಿತು.

ದೊಡ್ಡ ಸಾಮಾನು ಎಂದು ಬರೆದಿದ್ದೀರಿ. ನಿಮ್ಮದೇ ವಿಡಿಯೋದಲ್ಲಿ "ಸರದ ಗುಂಡು" ಎಂದಿದ್ದೀರಿ.

ಯಾರ ಹೆಸರನ್ನೂ ತೆಗೆಯಲಿಲ್ಲ ಎಂದೂ ಬರೆದಿದ್ದೀರಿ. ನನ್ನ ಅಪ್ಪ ಫಕೀರೇಶ ಅದೇ ಸಾವುಕಾರರ ಅಂಗಡಿಯಲ್ಲಿ ಹಮಾಲಿ ಮಾಡುತ್ತಿದ್ದ. ಮರುದಿನವೇ ಅವನಿಗೂ ಬರಬೇಡ ಎಂದರು. ನಾವು ಧಾರವಾಡ ಬಿಟ್ಟು ಉಣಕಲ್‌ಗೆ ಬಂದೆವು. ಅಪ್ಪ ಕುಡಿಯುವವನಲ್ಲ, ಹೊಡೆಯುವವನಲ್ಲ. ಒಂದು ಮಾತು ಮಾತ್ರ ಕೇಳುತ್ತಿದ್ದ: "ಖರೇ ಹೇಳು, ಎಲ್ಲಿ ಇಟ್ಟಿ?" ಅವ್ವ ಇಲ್ಲ ಎಂದರೆ, "ಮನಷ್ಯಾರ ಸುಳ್ಳ ಹೇಳ್ತಾರ. ಮಷೀನ್ ಸುಳ್ಳ ಹೇಳತೈತೇನ?" ಮನೆ ಸೋರಿದಾಗ ಕೇಳಿದ. ನನ್ನ ಡಿಪ್ಲೊಮಾ ಫೀಗೆ ಅಲೆಯುವಾಗ ಕೇಳಿದ. 2021ರಲ್ಲಿ ಕೊನೆಯ ಹಾಸಿಗೆ ಹಿಡಿದಾಗ, ನೀರು ತಾ ಎಂದು ನನ್ನನ್ನು ಹೊರಗೆ ಕಳಿಸಿ ಮತ್ತೆ ಕೇಳಿದ. ಬಾಗಿಲ ಆಚೆ ನಾನು ಚರಿಗೆ ಹಿಡಿದು ನಿಂತಿದ್ದೆ. ಅವ್ವ ಇಲ್ಲ ಎಂದಳು. ಅವನು ಆ ಕಡೆ ಹೊರಳಿದ. ಮೂರನೆಯ ದಿನ ಹೋದ. ಆ ಮೂರು ದಿನ ಅವಳ ಜೊತೆ ಮಾತಾಡಲಿಲ್ಲ.

ಹದಿನಾರು ವರ್ಷ ಆ ಮನುಷ್ಯ ಹೆಂಡತಿಯನ್ನಲ್ಲ, ನಿಮ್ಮ ಯಂತ್ರವನ್ನು ನಂಬಿದ. ಈಗ ಮುಗಿಸೋಣ ಎನ್ನುತ್ತೀರಿ.

ಆ ದಿನ ನಿಮ್ಮ ಹತ್ತಿರ ಸಣ್ಣ ಕಾಯಿಲ್ ಇತ್ತೋ ಇರಲಿಲ್ಲವೋ? ಇದಕ್ಕೆ ಉತ್ತರ ಬರೆಯಿರಿ.

ಗೀತಾಂಜಲಿ


ಉಣಕಲ್
20 ಆಗಸ್ಟ್ 2024

ಏಳು ವಾರವಾಯಿತು. ನನ್ನ ಕಾಗದ ನಿಮಗೆ ಮುಟ್ಟಿದ ಚೀಟಿ ನನ್ನ ಬಳಿ ಇದೆ. ಸಹಿ ನಿಮ್ಮದೇ.

ಇನ್ನು ಮೇಲೆ ಪ್ರತಿ ವಾರ ಒಂದು ಕಾಗದ ಹಾಕುತ್ತೇನೆ. ಬಾಗಿಲಿಗೆ ಬಂದು ಅಂಚೆಯವನು ನನ್ನ ಅವ್ವನ ಹೆಸರು ಕೂಗಲಿ ಎಂದು ಲಕೋಟೆಯ ಮೇಲೆ ಕಳಿಸಿದವರ ಜಾಗದಲ್ಲಿ ಅವಳ ಹೆಸರನ್ನೇ ದೊಡ್ಡದಾಗಿ ಬರೆಯುತ್ತೇನೆ. ನಿಮ್ಮ ಮನೆಯವರು ಯಾರೀ ದುರಗವ್ವ ಎಂದು ಕೇಳಲಿ. ನೀವೇ ಹೇಳಿ.

ಗೀತಾಂಜಲಿ


ಕೇಶ್ವಾಪುರ
14 ಸೆಪ್ಟೆಂಬರ್ 2024

ತಂಗಿ ಗೀತಾಂಜಲಿ,

ಮೂರು ಲಕೋಟೆ ಬಂದವು. ಮೂರನೆಯದನ್ನು ನನ್ನ ಹೆಂಡತಿ ಇಸಕೊಂಡಳು. ಕೇಳಿದಳು. ಹೇಳಿದೆ. ಲಕೋಟೆಯನ್ನು ನನ್ನ ಊಟದ ತಾಟಿನ ಪಕ್ಕಕ್ಕೆ ಇಟ್ಟು ಒಳಗೆ ಹೋದಳು. ನಾಲ್ಕು ದಿನವಾಯಿತು, ಅದು ಅಲ್ಲೇ ಇದೆ.

ನೀವು ಕೇಳಿದ್ದಕ್ಕೆ ಉತ್ತರ: ಇತ್ತು. ಆರು ಇಂಚಿನದು ನನ್ನ ಚೀಲದಲ್ಲೇ ಇತ್ತು.

ಆ ದಿನ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಬೆಳಿಗ್ಗೆ ಹತ್ತಕ್ಕೆ ಹೋದೆ. ಕಬ್ಬಿಣದ ಗದ್ದಲ ಕೇಳಿದ ಕೂಡಲೇ ಇಲ್ಲಿ ಸಣ್ಣದೇ ಬೇಕು ಎಂದು ನನಗೆ ಹೊಳೆಯಿತು. ಕಾಯಿಲ್ ಬದಲಿಸಲು ಐದು ನಿಮಿಷ ಸಾಕು. ಆದರೆ ಸಣ್ಣದು ಒಂದು ಸಲಕ್ಕೆ ಅಂಗೈ ಅಗಲ ನೆಲವನ್ನಷ್ಟೇ ನೋಡುತ್ತದೆ. ಆ ಹಿತ್ತಲಿಗೆ ಎರಡು ದಿನ ಬೇಕು. ಮಧ್ಯಾಹ್ನ ನನಗೆ ಬೇರೆ ಕಡೆ ಪೈಪಿನ ಕೆಲಸವಿತ್ತು. ಸಾವುಕಾರರೂ ಕಟ್ಟೆಯ ಮೇಲೆ ಕೂತು ಎರಡು ಸಲ ಅಂದರು: "ಪಂಢರಿನಾಥ, ಲಗೂ ನೋಡ್ರಿ. ಇದ್ರ ಐತಿ ಅನ್ರಿ, ಇಲ್ಲಂದ್ರ ಇಲ್ಲ ಅನ್ರಿ. ನಾ ಅಂಗಡಿಗೆ ಹೋಗಬೇಕು." ಚಹಾ ಬಂತು. ಕುಡಿದೆ. ಚಹಾ ತಂದವರು ನಿಮ್ಮ ತಾಯಿ.

"ಯಂತ್ರಕ್ಕೆ ಕಾಣಲಿಲ್ಲ" ಎಂದಿದ್ದರೆ ಸತ್ಯವಾಗುತ್ತಿತ್ತು. "ಹೊರಗೆ ಹೋಗಿದೆ" ಎಂಬುದನ್ನು ನಾನೇ ಸೇರಿಸಿದೆ. ಹಾಗೆಂದರೆ ಕೆಲಸ ಬಲ್ಲವನಂತೆ ಕಾಣುತ್ತೇನೆ ಎಂದು ಸೇರಿಸಿದೆ. ಬೇರೆ ಕಾರಣವಿಲ್ಲ. ಹುಡುಕಿದರೂ ಸಿಗುತ್ತಿಲ್ಲ.

ಏನು ಮಾಡಲಿ ಹೇಳಿ, ಮಾಡುತ್ತೇನೆ. ನಿಮ್ಮ ತಾಯಿಯ ಕಾಲು ಹಿಡಿಯಲು ಬರಲೇ?

ಪಂಢರಿನಾಥ


ಉಣಕಲ್
19 ಸೆಪ್ಟೆಂಬರ್ 2024

ಪಂಢರಿನಾಥ ಅವರಿಗೆ,

ತಂಗಿ ಅನ್ನಬೇಡಿ.

ಕಾಲು ಹಿಡಿಯುವುದು ಆಮೇಲಿನ ಮಾತು. ಅವ್ವನಿಗೆ ಈ ಕಾಗದಗಳ ಸುದ್ದಿಯೇ ಗೊತ್ತಿಲ್ಲ. ಮೊದಲು ಕೆಲಸ ಮಾಡಿ.

ಬಸಣ್ಣ ಸಾವುಕಾರರು ಈಗಿಲ್ಲ. ಮಗ ಬಸವಕಿರಣ ಮನೆ ನೋಡಿಕೊಳ್ಳುತ್ತಾನೆ. ನಾಗರತ್ನಾ ಅವರು ಇದ್ದಾರೆ. ಜುಲೈನಲ್ಲಿ ನಾನು ಹೋಗಿ ಗೇಟಿನ ಹೊರಗೆ ನಿಂತು, ಹಿತ್ತಲಲ್ಲಿ ಒಂದು ದಿನ ಹುಡುಕಲು ಬಿಡಿ ಎಂದು ಕೇಳಿದೆ. ಬಸವಕಿರಣ ಗೇಟು ತೆಗೆಯಲಿಲ್ಲ. "ಹಳೇದ ಯಾಕ್ರಿ ಈಗ? ಅವ್ವಗ ಬಿಪಿ ಐತಿ. ದೀಪಾವಳಿ ಆದ ಮ್ಯಾಲ ಹಿತ್ತಲಕ್ಕೆಲ್ಲಾ ಕಾಂಕ್ರೀಟ್ ಹಾಕಸಾಂವದೇನಿ, ಕಾರು ನಿಲ್ಲಸಾಕ" ಎಂದ.

ಕಾಂಕ್ರೀಟ್ ಬಿದ್ದ ಮೇಲೆ ನನ್ನ ಅವ್ವ ಕಾಯಂ ಕಳ್ಳಿ. ನನ್ನನ್ನು ಒಳಗೆ ಬಿಡದ ಬಾಗಿಲು ನಿಮ್ಮನ್ನು ಬಿಡುತ್ತದೆ. ಅಂದೂ ಬಿಟ್ಟಿತ್ತಲ್ಲ.

ಆರು ಇಂಚಿನದನ್ನು ತೆಗೆದುಕೊಂಡು ಹೋಗಿ. ಬೇರೆಯವರನ್ನು ಕಳಿಸಬೇಡಿ, ನೀವೇ ಮಂಡಿಯೂರಿ ಹುಡುಕಿ. ನಾಗರತ್ನಾ ಅವರು ಎದುರಿಗೆ ಕೂತಿರಬೇಕು. ಶುರು ಮಾಡುವ ಮೊದಲು ಯಾವ ಜಾಗದಲ್ಲಿ ನಿಂತು ಆ ಮಾತು ಆಡಿದಿರೋ ಅಲ್ಲೇ ನಿಂತು, "ನಾನು ತಪ್ಪು ಕಾಯಿಲ್ ಹಾಕಿದ್ದೆ, ಸರಿಯಾದದ್ದು ಚೀಲದಲ್ಲಿತ್ತು" ಎಂದು ಅವರಿಗೆ ಕೇಳುವ ಹಾಗೆ ಹೇಳಬೇಕು. ಸಿಕ್ಕರೆ ಸಿಕ್ಕಿತು ಎಂದು ಬರೆಯಿರಿ. ಸಿಗದಿದ್ದರೆ ಸಿಗಲಿಲ್ಲ ಎಂದು ಬರೆಯಿರಿ. ಅದಕ್ಕೆ ಏನನ್ನೂ ಸೇರಿಸಬೇಡಿ.

ನಿಮಗೆ ಅರವತ್ತೇಳು, ಮಂಡಿ ನೋಯುತ್ತದೆ ಎಂದು ವಿಡಿಯೋದಲ್ಲಿ ಹೇಳಿದ್ದೀರಿ. ನೋಯಲಿ.

ಗೀತಾಂಜಲಿ


ಕೇಶ್ವಾಪುರ
21 ಅಕ್ಟೋಬರ್ 2024

ಗೀತಾಂಜಲಿ ಅವರಿಗೆ,

ಸಿಕ್ಕಿತು.

ದಸರೆ ಕಳೆದ ಮೇಲೆ ಹೋದೆ. ಕಾಂಕ್ರೀಟ್ ಹಾಕುವ ಮೊದಲು ಹಳೆಯ ಪೈಪು ಎಲ್ಲಿದೆ ನೋಡಿಕೊಡುತ್ತೇನೆ ಎಂದೆ, ಬಸವಕಿರಣ ಬಿಟ್ಟ. ಒಳಗೆ ಹೋದ ಮೇಲೆ ನಿಜ ಹೇಳಿದೆ. ಅವನಿಗೆ ಸಿಟ್ಟು ಬಂದು ಹೊರಗೆ ಹೋಗಿ ಎಂದ. ಅಷ್ಟರಲ್ಲಿ ನಾಗರತ್ನಾ ಅವರು ಕೋಲೂರಿಕೊಂಡು ಹಿಂಬಾಗಿಲಿಗೆ ಬಂದು, "ಯಾರದು? ಅವತ್ತಿನ ಮಷೀನ್‌ನವ್ರೇನು?" ಎಂದರು. ನಾನು ಆ ಜಾಗಕ್ಕೆ ಹೋಗಿ ನಿಂತು ನೀವು ಬರೆದ ಮಾತನ್ನು ಹೇಳಿದೆ. ಅವರು ಮಗನಿಗೆ, "ಕುರ್ಚಿ ಹಾಕು" ಎಂದರು.

ಮೊದಲ ದಿನ ಮೊಳೆ, ಲಾಳ, ಬಾಟಲಿಯ ಬಿರಡೆ, ಗುಳಿಗೆ ಪೊಟ್ಟಣದ ತಗಡಿನ ಹಾಳೆ. ಬಂಗಾರವಿಲ್ಲ. ಸಂಜೆ ಏಳಲು ಆಗದೆ ಗೋಡೆ ಹಿಡಿದು ಎದ್ದೆ. ಬಸವಕಿರಣ ನಗುತ್ತಾ, "ಆತಲ್ರಿ ಈಗ?" ಎಂದ. ನಾಳೆಯೂ ಬರುತ್ತೇನೆ ಎಂದೆ.

ಎರಡನೆಯ ದಿನ ಹನ್ನೊಂದರ ಸುಮಾರಿಗೆ, ಒಗೆಯುವ ಕಲ್ಲಿಗೂ ಮೋರಿಗೂ ನಡುವೆ, ಒಂದು ಮುರಿದ ಲಾಳದ ಪಕ್ಕ ಟಿಕ್ ಎಂದಿತು. ಗೇಣುದ್ದ ಅಗೆದೆ. ಜಜ್ಜಿ ಚಪ್ಪಟೆಯಾದ ಒಂದು ಗುಂಡು. ಸಂಜೆಯ ಹೊತ್ತಿಗೆ ಇಪ್ಪತ್ತಾರು ಸಿಕ್ಕವು. ಸರದಲ್ಲಿ ನಲವತ್ತೆರಡಿದ್ದವು ಎಂದು ನಾಗರತ್ನಾ ಅವರೇ ಹೇಳಿದರು. ಉಳಿದವು ಮೋರಿ ಸೇರಿರಬೇಕು. ಒಗೆಯುವ ನೀರಿನಿಂದ ಅಲ್ಲಿ ಯಾವಾಗಲೂ ಕೆಸರು. ಅಂದು ಹುಡುಕಲು ಬಂದವರೆಲ್ಲ ತುಳಿದು ತುಳಿದು ಒಳಗೆ ಕಳಿಸಿದ್ದಾರೆ. ತುಳಿದವರಲ್ಲಿ ನಾನೂ ಒಬ್ಬ.

ಮೊದಲನೆಯ ಗುಂಡನ್ನು ನಾಗರತ್ನಾ ಅವರ ಅಂಗೈಗೆ ಹಾಕಿದೆ. ಸೆರಗಿನಿಂದ ಮಣ್ಣು ಒರೆಸಿದರು. "ಅವತ್ತ ತಲಿ ಎರಕೊಂಡು ಇಲ್ಲೇ ಬಿಸಲಿಗೆ ನಿಂತಿದ್ನಿ. ಕೂದಲಾ ಟಾವೆಲ್ಲಿನಿಂದ ಝಾಡಿಸಿದ್ನಿ, ಆವಾಗ ದಾರಾ ಹರದಿರಬೇಕು" ಎಂದರು. ಅಷ್ಟೇ. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಸಂಜೆ ನಿಮ್ಮ ವಿಳಾಸ ಕೇಳಿದರು, ಕೊಟ್ಟೆ. ಕೊಡಬಾರದಿತ್ತೋ ಏನೋ.

ನಾನು ನನ್ನ ಕೆಲಸ ಮಾಡಿದ್ದೇನೆ. ಒಮ್ಮೆ ನಿಮ್ಮ ಮನೆಗೆ ಬರಲು ಅಪ್ಪಣೆ ಕೊಡಿ. ನಿಮ್ಮ ತಾಯಿಯ ಎದುರಿಗೆ ನಿಂತು ಹೇಳಬೇಕು. ಅದೊಂದು ಆಗದೆ ನನಗೆ ಅನ್ನ ಇಳಿಯುತ್ತಿಲ್ಲ.

ಪಂಢರಿನಾಥ


ಉಣಕಲ್
17 ನವೆಂಬರ್ 2024

ಪಂಢರಿನಾಥ ಅವರಿಗೆ,

ಅವ್ವನಿಗೆ ಎಲ್ಲ ಗೊತ್ತಾಗಿದೆ. ನಿಮ್ಮ ಕಾಗದಗಳನ್ನೆಲ್ಲ ಓದಿಸಿಕೊಂಡಳು. ಉತ್ತರ ತಾನೇ ಹೇಳುತ್ತೇನೆ ಎಂದಳು. ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದೇನೆ. ಒಂದು ಕಡೆ ಬರೆಯುವುದಿಲ್ಲ ಎಂದೆ. ಬರೆಸಿದಳು.

ಗೀತಾಂಜಲಿ

ಪಂಢರಿನಾಥ ಅವ್ರ, ನಾ ದುರಗವ್ವ.

ಹೋದ ಐತವಾರ ನಾಗರತ್ನಾ ಅಕ್ಕಾರು ಬಂದಿದ್ರು. ಮಗಾ ಕಾರಿನ್ಯಾಗ ಕರಕೊಂಡ ಬಂದಿದ್ದಾ. ಇಲಕಲ್ ಸೀರಿ, ಹಣ್ಣು, ಒಂದು ಬೆಳ್ಳಿ ಡಬ್ಬಿ. ಡಬ್ಬ್ಯಾಗ ಆ ಗುಂಡು. "ದುರಗವ್ವಾ, ತಪ್ಪಾತು, ಹೊಟ್ಯಾಗ ಹಾಕ್ಕೋ" ಅಂದ್ರು. ನನ್ನ ಹೊಟ್ಯಾಗ ಜಾಗಾ ಇಲ್ರಿ ಅಕ್ಕಾರ, ಹತ್ತೊಂಬತ್ತ ವರ್ಷದಿಂದ ಅದ ತುಂಬೇತಿ ಅಂದ್ನಿ.

ಅಳಾಕತ್ತಿದ್ರು. ನಾ ಅಂದ್ನಿ, ನನಗ ಯಾಕ ಹೇಳ್ತೀರಿ, ನನಗ ಮೊದಲ ಗೊತ್ತೈತಿ ನಾ ತಗೊಂಡಿಲ್ಲ ಅಂತ. ಗೊತ್ತಿಲ್ದ ಹ್ವಾದಾಂವ ಅಲ್ಲಿ ಅದಾನ, ಅಂವಗ ಹೇಳ್ರಿ ಅಂತ ಗ್ವಾಡಿಮ್ಯಾಲಿನ ನಮ್ಮ ಮನಿಯವ್ರ ಫೋಟೋ ತೋರಿಸಿದ್ನಿ. ಅಕ್ಕಾರು ಫೋಟೋದ ಮುಂದ ನಿಂತು, "ಫಕೀರೇಶಾ, ನಿನ್ನ ಹೇಣ್ತಿ ತಗೊಂಡಿಲ್ಲೋ" ಅಂದ್ರು. ಸಣ್ಣ ದನಿ. ಅಂವಗ ಕಿವಿ ಮಂದ ಇತ್ರಿ, ಜೋರ ಹೇಳ್ರಿ ಅಂದ್ನಿ. ಮತ್ತ ಹೇಳಿದ್ರು. ಓಣಿ ಹೆಣಮಕ್ಳು ಬಾಗಲಕ್ಕ ಬಂದಿದ್ರು. ಇವ್ರಿಗೂ ಕೇಳ್ಲಿ ಅಂದ್ನಿ. ಮೂರನೇ ಸಲ ಒದರಿದಂಗ ಹೇಳಿದ್ರು. ಮಗಾ ತಲಿ ಎತ್ತಲಿಲ್ಲ.

ಡಬ್ಬಿ ಅವ್ರ ಕೈಯಾಗ ತಿರುಗಿ ಕೊಟ್ನಿ. ಸೀರಿನೂ ಕೊಟ್ನಿ. ನಿಮ್ದೇನೂ ನಾ ತಗೊಂಡಿಲ್ರಿ, ಅವತ್ತೂ ಇಲ್ಲ, ಇವತ್ತೂ ಇಲ್ಲ ಅಂದ್ನಿ. ಕುಡಿಯಾಕ ನೀರ ಕೇಳಿದ್ರು. ಕೊಡಲಿಲ್ಲ. ನಮ್ಮ ಮನಿಗೆ ಬಂದವ್ರಿಗೆ ನೀರ ಇಲ್ಲ ಅಂದದ್ದು ಅದ ಮೊದಲು.

ಅವ್ರು ಹ್ವಾದ ಮ್ಯಾಲ ಫೋಟೋ ತಗದು ಅಟ್ಟದ ಮ್ಯಾಲ ಇಟ್ಟೇನಿ. ಅದಕ್ಕ ಗೀತಾ ನನ್ನ ಮ್ಯಾಲ ಸಿಟ್ಟಾಗ್ಯಾಳ. ಸತ್ತವ್ರ ಮ್ಯಾಲ ಎಂಥಾ ಸೇಡವ್ವಾ ಅಂತಾಳ. ಅಂವಾ ಬದಕಿದ್ದಾಗ ನಾ ಎಲ್ಲಿ ತೀರಿಸಿಕೊಳ್ಳಿ? ದಿನಾ ರೊಟ್ಟಿ ಮಾಡಿ ಹಾಕೇನಿ. ತಿನ್ನೋ ಮುಂದ ನನ್ನ ಮಾರಿ ನೋಡ್ತಿದ್ದಾ, ಎಲ್ಲಿ ಇಟ್ಟಾಳ ಅಂತ.

ಗೀತಾಗೂ ಇವತ್ತ ಒಂದ ಮಾತ ಹೇಳೇನಿ. ಬರಿ ಅಂದ್ರ ಒಲ್ಲೆ ಅಂತಾಳ. ಬರಿ. ಈಕಿ ಹತ್ತನೇತ್ತಾ ಕಲಿಯಾಕತ್ತಿದ್ದಾಗ ನಾ ಒಂದಿನಾ ಕೆಲಸದಿಂದ ಲಗೂ ಬಂದ್ನಿ. ಈಕಿ ಡಬ್ಬ್ಯಾಗಿನ ಜ್ವಾಳಾ ಎಲ್ಲಾ ಚೀಲದ ಮ್ಯಾಲ ಸುರುವಿ ಕೈಯಾಡಸಾಕತ್ತಿದ್ಲು. ಏನ ಮಾಡಾಕತ್ತೀಯವ್ವಾ ಅಂದ್ನಿ. ಹುಳಾ ಆರಸಾಕತ್ತೇನಿ ಅಂದ್ಲು. ಹ್ವಾದ ದಿನಾನ ಬೀಸಾಕಂತ ಹಸನ ಮಾಡಿಟ್ಟ ಜ್ವಾಳ ಅದು. ಹುಳಾ ಇರಲಿಲ್ಲ, ಸರಾನೂ ಇರಲಿಲ್ಲ. ನಾನೂ ಬಾಜೂಕ ಕುಂತು ಈಕಿ ಜೋಡಿ ಆರಿಸಿದ್ನಿ. ಬರದಿ? ಓದಿ ತೋರಸು.

ಅದಕ್ಕ ಈಕಿ ನಿಮ್ಮ ಬೆನ್ನ ಹತ್ಯಾಳ. ನನಗ ಗೊತ್ತೈತಿ.

ಇನ್ನ ನಿಮ್ಮ ಮಾತು. ಬಂದು ಕಾಲ ಹಿಡೀತೇನಿ ಅಂತ ಬರದೀರಿ. ಅನ್ನ ಇಳಿಯಾಕತ್ತಿಲ್ಲ ಅಂತ ಬರದೀರಿ. ನೀವು ಕೆಟ್ಟ ಮನಷ್ಯಾರಲ್ಲ ಅಂತ ನನಗ ಅನಸತೈತಿ. ಮಂಡಿ ಊರಿ ಹುಡುಕೀರಿ, ಸಿಕ್ಕದ್ದ ಸಿಕ್ತು ಅಂದೀರಿ. ಆದ್ರ ಬರಬ್ಯಾಡ್ರಿ. ಬಂದು ನನ್ನ ಮುಂದ ಅತ್ರ ನಿಮಗ ಹಗರ ಆಗತೈತಿ. ಹೆಣಮಗಳು ನಾನು, ಎದರಿಗೆ ಅಳೋ ಗಂಡಸಿನ್ನ ನೋಡಿ ಏಳ್ರಿ ಅಂದಬಿಡ್ತೇನಿ. ಅನ್ನಾಕ ನನಗ ಮನಸಿಲ್ಲ. ಅದಕ್ಕ ಬಾಗಲಾ ತೆಗಿಯಂಗಿಲ್ಲ.

ಅವತ್ತ ನೀವು ಅಂದದ್ದು ಒಂದ ಮಾತು. ಚಾ ಕುಡದ ಬಟ್ಟಲಾ ಕೆಳಗಿಟ್ಟು ಅಂದ್ರಿ. ಆ ಮಾತಿನ ಜೋಡಿ ನಾ ಹದಿನಾರ ವರ್ಷ ಸಂಸಾರ ಮಾಡೇನಿ. ಈಗ ನೀವ ಮಾಡ್ರಿ.

ದುರಗವ್ವ
ಎಡಗೈ ಹೆಬ್ಬೆಟ್ಟು